ಸರ್ಪಗಂಧದ ಬೀಜ: ಗೊರಟಿನಲ್ಲೇ ಕೆಡುವ ಕೆಲಸ

ಸರ್ಪಗಂಧದ ಬೇರಿನಲ್ಲಿರುವ ರೆಸರ್ಪೈನ್ ಎಂಬ ಸಸ್ಯಕ್ಷಾರವನ್ನು 1952ರಲ್ಲಿ ಬೇರ್ಪಡಿಸಿದ ಮೇಲೆ ರಕ್ತದೊತ್ತಡದ ಔಷಧಕ್ಕಾಗಿ ಅದರ ಬೇಡಿಕೆ ಏರಿತು. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕಾದ್ದರಿಂದ ಕಾಡಿನಲ್ಲಿ ಅದು ವಿರಳವಾಯಿತು. ಇಂದು ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದಕ್ಕೆ ಸ್ಥಾನವಿದೆ.

ಬೀಜದಿಂದ ಸಸಿ ಪಡೆಯುವ ಪ್ರಯೋಗಾಲಯಗಳು ಹೆಚ್ಚಾಗಿ ಎಡವುವುದು ಮೊದಲ ಹಂತದಲ್ಲೇ. ಕಪ್ಪುನೇರಳೆ ಬಣ್ಣಕ್ಕೆ ತಿರುಗಿದ ಹಣ್ಣನ್ನು ಕಿವುಚಿ, ತಿರುಳಿನ ಎಳೆಯೂ ಉಳಿಯದಂತೆ ಗೊರಟನ್ನು ಮರಳಿನೊಡನೆ ಉಜ್ಜಿ ತೊಳೆದು, ನೀರಿಗೆ ಹಾಕಿದಾಗ ತೇಲುವುದನ್ನೆಲ್ಲ ಬಿಸಾಡಬೇಕು. ಅವುಗಳಲ್ಲಿ ಬಹುಪಾಲು ಭ್ರೂಣವಿಲ್ಲದ ಪೊಳ್ಳು. ಮುಳುಗಿದ್ದೆಲ್ಲ ಗಟ್ಟಿ ಬೀಜವೆಂದೂ ಅಲ್ಲ. ಆದ್ದರಿಂದ ಸಣ್ಣ ಇಕ್ಕಳದಲ್ಲಿ ಗೊರಟಿನ ಅಂಚನ್ನಷ್ಟೇ ಒತ್ತಿ ಬಿರುಕು ಬಿಡಿಸಿ, ಒಳಗೆ ಬಿಳಿಯಾಗಿ ತುಂಬಿಕೊಂಡಿರುವ ಬೀಜವನ್ನು ಮಾತ್ರ ಆರಿಸಿ, ಸುಕ್ಕುಗಟ್ಟಿ ಕಂದಿದ್ದನ್ನು ಬಿಡಬೇಕು. ಬೀಜ ಹಳತಾದಷ್ಟೂ ಮೊಳೆಯುವ ಶಕ್ತಿ ಕುಂದುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಇದನ್ನು ಬಿಟ್ಟು ಗೊರಟನ್ನು ಇಡಿಯಾಗಿ ಪೋಷಕ ಮಾಧ್ಯಮಕ್ಕೆ ಇಳಿಸಿ, ಬೂಷ್ಟು ಬಂದಾಗ ಮರ್ಕ್ಯುರಿಕ್ ಕ್ಲೋರೈಡ್‌ನಲ್ಲಿ ನೆನೆಸುವ ಅವಧಿಯನ್ನು ಹೆಚ್ಚಿಸುತ್ತ ಹೋಗುವುದು ಸಾಮಾನ್ಯ ತಪ್ಪು. ಗೊರಟಿನ ಸಂದುಗೊಂದಿನಲ್ಲಿ ಅವಿತ ಶಿಲೀಂಧ್ರಕ್ಕೆ ಆ ವಿಷ ತಲುಪುವುದಿಲ್ಲ, ತಲುಪುವಷ್ಟು ಹೊತ್ತು ಇಟ್ಟರೆ ಭ್ರೂಣವೇ ಸಾಯುತ್ತದೆ. ಪಾದರಸದ ಆ ತ್ಯಾಜ್ಯವನ್ನು ಸಿಂಕಿಗೆ ಸುರಿಯುವುದಂತೂ ಅಕ್ಷಮ್ಯ. ಬಿಡಿಸಿದ ಬೀಜಕ್ಕೆ ಲ್ಯಾಮಿನಾರ್ ಪೀಠದಲ್ಲಿ ಶೇಕಡಾ 70 ಆಲ್ಕೊಹಾಲ್‌ನಲ್ಲಿ ಅರ್ಧ ನಿಮಿಷ, ಅನಂತರ ಒಂದೆರಡು ಹನಿ ಟ್ವೀನ್-20 ಬೆರೆಸಿದ ಶೇಕಡಾ 1 ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ 8ರಿಂದ 10 ನಿಮಿಷ, ಕೊನೆಗೆ ನಿರ್ಜಂತುಕ ನೀರಿನಲ್ಲಿ ನಾಲ್ಕೈದು ತೊಳೆತ ಸಾಮಾನ್ಯವಾಗಿ ಸಾಕು.

ಲವಣಗಳ ಪ್ರಮಾಣವನ್ನು ಅರ್ಧಕ್ಕಿಳಿಸಿದ ಎಂಎಸ್ ಮಾಧ್ಯಮಕ್ಕೆ, ಅಂದರೆ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ರೂಪಿಸಿದ ಪೋಷಕ ಮಿಶ್ರಣಕ್ಕೆ, ಶೇಕಡಾ 2 ಸಕ್ಕರೆ ಸೇರಿಸಿ, ಪಿಎಚ್ 5.8ಕ್ಕೆ ಹೊಂದಿಸಿ, ಶೇಕಡಾ 0.8 ಅಗರ್ ಬೆರೆಸಿ ಆಟೋಕ್ಲೇವ್ ಮಾಡಬೇಕು. ಮೊಳಕೆಗೆ ಪ್ರಚೋದನೆ ನೀಡುವ ಜಿಬ್ಬರೆಲಿಕ್ ಆಮ್ಲ ಶಾಖಕ್ಕೆ ಭಾಗಶಃ ಕೆಡುವುದರಿಂದ, ಬಳಸುವುದಾದರೆ ಅದನ್ನು ಸೂಕ್ಷ್ಮ ಶೋಧಕದ ಮೂಲಕ ಹಾಯಿಸಿ, ಮಾಧ್ಯಮ ಹೆಪ್ಪುಗಟ್ಟುವ ಮೊದಲು, ಕೈಗೆ ಬೆಚ್ಚಗೆ ಹತ್ತುವ ಹದದಲ್ಲಿ ಬೆರೆಸಬೇಕು. ಸೀಸೆಗಳಿಗೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಮೊಳಕೆಯೊಡೆದ ಬಳಿಕ ದಿನಕ್ಕೆ 16 ಗಂಟೆ ಬೆಳಕೂ ಬೇಕು.

ಒಂದೇ ಸಸಿಯ ಗೆಣ್ಣುಗಳಿಂದ ಸಾವಿರಾರು ಗಿಡ ಮಾಡುವ ಆಮಿಷಕ್ಕೆ ಸಂರಕ್ಷಣಾ ಕೇಂದ್ರಗಳು ಒಳಗಾಗಬಾರದು, ಏಕೆಂದರೆ ಬೀಜದ ಬೆಲೆಯಿರುವುದು ಅದು ಹೊತ್ತು ತರುವ ಆನುವಂಶಿಕ ವೈವಿಧ್ಯದಲ್ಲಿ. ಬೇರು ಬಿಟ್ಟ ಸಸಿಗಳ ಅಗರನ್ನು ಪೂರ್ತಿ ತೊಳೆದು, ತೆಂಗಿನ ನಾರಿನ ಪುಡಿ ಮತ್ತು ಮರಳಿನ ಮಿಶ್ರಣದಲ್ಲಿ ನೆಟ್ಟು, ಪ್ಲಾಸ್ಟಿಕ್ ಹೊದಿಕೆಯನ್ನು ಮೂರು ನಾಲ್ಕು ವಾರಗಳಲ್ಲಿ ಹಂತಹಂತವಾಗಿ ಸರಿಸಿ, ಆಮೇಲೆ ನೆರಳುಮನೆಗೆ ಸಾಗಿಸಬೇಕು.