ಊರಿನ ಮಾತಿನಲ್ಲೇ ನೋಡಿ

ಪ್ರಶ್ನೆ: ಇಷ್ಟು ವರ್ಷ ಕನ್ನಡ ಬಿಟ್ಟರೆ ಹಿಂದಿ ಸಿನಿಮಾ, ಅಷ್ಟೇ ನೋಡಿದವನು ನಾನು. ಮಗ ಮನೆಗೆ ಒಟಿಟಿ ಹಾಕಿಸಿಕೊಟ್ಟ ಮೇಲೆ ಎಲ್ಲ ಭಾಷೆಯವೂ ಕಣ್ಣೆದುರು ಬಂದು ಕೂತಿವೆ. ಸಿನಿಮಾ ನೋಡುತ್ತಲೇ ನಮ್ಮ ದೇಶವನ್ನು ತಿಳಿಯಬೇಕೆಂಬ ಆಸೆ. ರಾಜ್ಯಕ್ಕೊಂದರಂತೆ ನೋಡುತ್ತ ಹೋಗಲೇ?
– ನಿವೃತ್ತ ಶಿಕ್ಷಕರು, ತಿಪಟೂರು

ಮೇಷ್ಟ್ರೇ, ರಾಜ್ಯಕ್ಕೊಂದರಂತೆ ಬೇಡ. ಹಾಗೆ ನೋಡಿದರೆ ಪಟ್ಟಿ ಮುಗಿಯುತ್ತದೆ, ಮನಸ್ಸಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಎಲ್ಲರ ಮನೆಯಲ್ಲೂ ನಡೆಯುವ ಒಂದು ಸಂಗತಿ ಹಿಡಿದುಕೊಳ್ಳಿ. ಅದು ಬೇರೆ ಬೇರೆ ಊರುಗಳಲ್ಲಿ ಹೇಗೆ ನಡೆಯುತ್ತದೆಂದು ನೋಡಿ. ಸಾವಿನಿಂದ ಶುರು ಮಾಡಿ ಎನ್ನುತ್ತೇನೆ. ದಕ್ಷಿಣದ ಮೂರು ಭಾಷೆಗಳಲ್ಲಿ ಸಾವಿನ ಮನೆಯ ಬಗ್ಗೆ ಮೂರು ಅಪರೂಪದ ಸಿನಿಮಾಗಳಿವೆ.

ಮೊದಲನೆಯದು ನಮ್ಮದೇ ‘ತಿಥಿ’ (2015). ರಾಮ್ ರೆಡ್ಡಿ ನಿರ್ದೇಶನದ ಈ ಚಿತ್ರ ತಯಾರಾದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ನಟಿಸಿದವರು ಆ ಕಡೆಯ ಹಳ್ಳಿಯವರೇ. 101 ವರ್ಷದ ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೇ ದಿನದ ಊಟದವರೆಗಿನ ಕಥೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಮೊಮ್ಮಗನಿಗೆ ಜಮೀನು ಮಾರುವ ಅವಸರ, ಮರಿಮಗನ ಕಣ್ಣು ಕುರಿ ಕಾಯುವ ಹುಡುಗಿಯ ಮೇಲೆ.

ಎರಡನೆಯದು ಮಲಯಾಳದ ‘ಈ.ಮ.ಯೌ.’ (2018), ಲಿಜೊ ಜೋಸ್ ಪೆಲ್ಲಿಶ್ಶೇರಿಯವರದು. ಕೊಚ್ಚಿ ಪಕ್ಕದ ಚೆಲ್ಲಾನಂ ಕಡಲತೀರದ ಲ್ಯಾಟಿನ್ ಕ್ಯಾಥೋಲಿಕ್ ಮನೆ. ಅಪ್ಪನಿಗೆ ಭರ್ಜರಿ ಅಂತ್ಯಸಂಸ್ಕಾರ ಮಾಡುತ್ತೇನೆಂದು ಮಗ ಮಾತು ಕೊಟ್ಟ ರಾತ್ರಿಯೇ ಅಪ್ಪ ತೀರಿಕೊಳ್ಳುತ್ತಾನೆ. ಶವಪೆಟ್ಟಿಗೆ, ಬ್ಯಾಂಡ್ ಸೆಟ್, ಸಾಲ, ಬಿಡದ ಮಳೆ, ಸಾವಿನ ಬಗ್ಗೆ ಸಂಶಯಪಡುವ ಪಾದ್ರಿ, ಎಲ್ಲವೂ ಒಂದರ ಮೇಲೊಂದು ಬಂದು ಆ ಮಗನ ಮೇಲೆ ಬೀಳುತ್ತವೆ.

ಮೂರನೆಯದು ತೆಲುಗಿನ ‘ಬಲಗಂ’ (2023), ವೇಣು ಯೆಲ್ದಂಡಿಯವರದು. ತೆಲಂಗಾಣದ ಹಳ್ಳಿಯಲ್ಲಿ ಮುದುಕ ಸತ್ತಿದ್ದಾನೆ, ಕಾಗೆ ಎಡೆ ಮುಟ್ಟುತ್ತಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂಬ ನಂಬಿಕೆಯನ್ನು ನಿಮಗೆ ವಿವರಿಸಬೇಕಿಲ್ಲ. ಉಳಿದದ್ದು ಏನೆಂದರೆ, ವರ್ಷಗಳ ಹಿಂದೆ ಬಾಡೂಟದಲ್ಲಿ ಅಳಿಯನಿಗೆ ನಲ್ಲಿಮೂಳೆ ಬಡಿಸದೆ ಹುಟ್ಟಿದ ಮನಸ್ತಾಪ. ಕೊನೆಯಲ್ಲಿ ಬುಡಗ ಜಂಗಮ ದಂಪತಿ ಹಾಡಲು ಕೂರುತ್ತಾರೆ. ಅದೇ ಸಮುದಾಯ ನಮ್ಮ ಕಲ್ಯಾಣ ಕರ್ನಾಟಕದಲ್ಲೂ ಇದೆ. ಈ ಚಿತ್ರವನ್ನು ತೆಲಂಗಾಣದ ಹಳ್ಳಿಗಳಲ್ಲಿ ಪರದೆ ಕಟ್ಟಿ, ಊರಿಗೆ ಊರೇ ಕೂತು ನೋಡಿತು.

ಮೂರನ್ನೂ ಒಂದೇ ವಾರದಲ್ಲಿ ನೋಡಿ. ಮಂಡ್ಯದಲ್ಲಿ ಸಾವು ಹೆಚ್ಚುಕಮ್ಮಿ ಜಾತ್ರೆ, ಚೆಲ್ಲಾನಂನಲ್ಲಿ ಮರ್ಯಾದೆಯ ಪ್ರಶ್ನೆ, ತೆಲಂಗಾಣದಲ್ಲಿ ಒಡೆದ ಮನೆ ಕೂಡಿಸುವ ಅವಕಾಶ. ಯಾರು ಯಾರ ಮುಂದೆ ಅಳಬೇಕು, ಯಾರು ಖರ್ಚು ಹೊರಬೇಕು, ಹೆಂಗಸರು ಎಲ್ಲಿ ಕೂರುತ್ತಾರೆ ಎಂಬುದನ್ನು ಗಮನಿಸಿ. ಯಾವ ಪ್ರವಾಸದಲ್ಲೂ ಪರವೂರಿನ ಸಾವಿನ ಮನೆಯೊಳಗೆ ನಮ್ಮನ್ನು ಇಷ್ಟು ಹೊತ್ತು ಕೂರಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಈಗ ಎಲ್ಲವೂ ಕನ್ನಡಕ್ಕೆ ಡಬ್ ಆಗಿ ಸಿಗುತ್ತವೆ. ಹಾಗಿದ್ದೂ ನೀವು ಮೂಲ ಭಾಷೆಯಲ್ಲೇ ನೋಡಿ ಅನ್ನುತ್ತೀರಿ. ಸಬ್‌ಟೈಟಲ್ ಓದುತ್ತ ಕೂತರೆ ಸಿನಿಮಾ ನೋಡುವುದು ಯಾವಾಗ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಡಬ್ಬಿಂಗ್‌ಗೆ ನಾನು ವಿರೋಧಿಯಲ್ಲ. ಕರ್ನಾಟಕದಲ್ಲಿ ದಶಕಗಳ ಕಾಲ ಅದಕ್ಕೆ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನುಬಾಹಿರ ಎಂದ ಮೇಲೆ ದಾರಿ ತೆರೆಯಿತು. ಅಕ್ಷರ ಬಾರದ ಅಜ್ಜಿಗೂ ಕಣ್ಣು ಮಂಜಾದ ತಾತನಿಗೂ ತಮ್ಮ ಭಾಷೆಯಲ್ಲಿ ಸಿನಿಮಾ ಸಿಗುವುದು ಒಳ್ಳೆಯದೇ. ಆದರೆ ನೀವು ಓದಬಲ್ಲವರು. ಡಬ್ ಆದರೆ ಅರ್ಥವೇ ಹಾರಿಹೋಗುವ ಚಿತ್ರಗಳಿವೆ, ಎರಡರ ಬಗ್ಗೆ ಹೇಳುತ್ತೇನೆ.

‘ನನ್‌ಪಗಲ್ ನೇರತ್ತು ಮಯಕ್ಕಂ’ (2022) ಕೂಡ ಪೆಲ್ಲಿಶ್ಶೇರಿಯವರದೇ. ವೇಳಾಂಕಣ್ಣಿಗೆ ಹೋಗಿ ಮರಳುತ್ತಿರುವ ಮಲಯಾಳಿಗಳ ಬಸ್ಸು. ತಮಿಳು ಹಾಡು, ತಮಿಳುನಾಡಿನ ಊಟ ಯಾವುದೂ ಹಿಡಿಸದ ಜೇಮ್ಸ್, ಅಂದರೆ ಮಮ್ಮುಟ್ಟಿ, ದಾರಿಯಲ್ಲಿ ಇಳಿದು ತಮಿಳು ಹಳ್ಳಿಯೊಂದರ ಮನೆಗೆ ನೇರ ನುಗ್ಗುತ್ತಾನೆ. ಎರಡು ವರ್ಷದ ಹಿಂದೆ ಕಾಣೆಯಾದ ಆ ಮನೆಯ ಸುಂದರಂ ತಾನೇ ಎಂಬಂತೆ ಅಚ್ಚ ತಮಿಳಿನಲ್ಲಿ ಮಾತಾಡುತ್ತಾನೆ. ಹಿನ್ನೆಲೆಯಲ್ಲಿ ಹಳೆಯ ತಮಿಳು ಸಿನಿಮಾಗಳ ಹಾಡು, ಸಂಭಾಷಣೆ ಹರಿಯುತ್ತಲೇ ಇರುತ್ತವೆ. ಜೇಮ್ಸ್, ಸುಂದರಂ ಇಬ್ಬರಿಗೂ ಒಂದೇ ಕನ್ನಡ ಕೊಟ್ಟರೆ ಅಲ್ಲಿ ನಡೆದದ್ದಾದರೂ ಏನು? ಅವನು ದಾಟಿದ ಗಡಿಯೇ ನಮಗೆ ಕಾಣುವುದಿಲ್ಲ.

ಇನ್ನೊಂದು ಚೈತನ್ಯ ತಮ್ಹಾಣೆಯವರ ‘ಕೋರ್ಟ್’ (2014). ಮುಂಬೈಯ ಕೆಳಹಂತದ ನ್ಯಾಯಾಲಯದಲ್ಲಿ ದಲಿತ ಶಾಹೀರನೊಬ್ಬನ, ಅಂದರೆ ಜನಪದ ಹಾಡುಗಾರನ, ಮೇಲೆ ಮೊಕದ್ದಮೆ. ಅವನ ಹಾಡು ಮರಾಠಿ, ನ್ಯಾಯಾಧೀಶರು ಬರೆಸುವುದು ಇಂಗ್ಲಿಷ್, ವಕೀಲರ ಮನೆಯಲ್ಲಿ ಗುಜರಾತಿ. ಯಾವ ಮಾತು ದಾಖಲಾಯಿತು, ಯಾವುದು ಬಿಟ್ಟುಹೋಯಿತು ಎಂಬುದರಲ್ಲೇ ಅನ್ಯಾಯವಿದೆ. ಅದನ್ನು ನೀವು ಕಿವಿಯಿಂದಲೇ ಹಿಡಿಯಬೇಕು. ಎರಡು ಮೂರು ಚಿತ್ರ ನೋಡುವಷ್ಟರಲ್ಲಿ ಸಬ್‌ಟೈಟಲ್ ಓದುವುದು ರೂಢಿಯಾಗಿಬಿಡುತ್ತದೆ.

ಪ್ರಶ್ನೆ: ಪ್ರಾದೇಶಿಕ ಸಿನಿಮಾ ಎಂದಾಗ ತುಳು, ಕೊಡವ, ಬ್ಯಾರಿ ಯಾರಿಗೂ ನೆನಪಾಗುವುದಿಲ್ಲ ಏಕೆ?
– ಬ್ಯಾಂಕ್ ಉದ್ಯೋಗಿ, ಪುತ್ತೂರು

ನಿಮ್ಮ ನೋವು ನ್ಯಾಯವಾದದ್ದು. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ, 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ತಾಯ್ನುಡಿಯಾದ ತುಳು ಅದರಲ್ಲಿಲ್ಲ. ಆದರೂ ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ 1971ರಲ್ಲೇ ಬಂತು, ಮರುವರ್ಷ ಕೊಡವದಲ್ಲಿ ‘ನಾಡ ಮಣ್ಣ್ ನಾಡ ಕೂಳ್’. ಬ್ಯಾರಿಯ ಮೊದಲ ಚಿತ್ರ ‘ಬ್ಯಾರಿ’ (2011) ಮರಾಠಿಯ ‘ದೇವೂಳ್’ ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿತು. ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಸಾರಾ ಅಬೂಬಕ್ಕರ್ ನ್ಯಾಯಾಲಯಕ್ಕೆ ಹೋದದ್ದೂ ಈ ಚಿತ್ರದ ವಿಷಯದಲ್ಲೇ. ಆ ಕಾದಂಬರಿಯನ್ನು ತಪ್ಪದೆ ಓದಿ. ಅಭಯ ಸಿಂಹ ಅವರ ‘ಪಡ್ಡಾಯಿ’ಯಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಮ್ಮ ಕರಾವಳಿಯ ಮೀನುಗಾರರ ನಡುವೆ ಬಂದು ನಿಂತಿದ್ದಾನೆ.

ಸಣ್ಣ ಭಾಷೆಗಳ ಈ ಬಳಗ ದೇಶದುದ್ದಕ್ಕೂ ಇದೆ. ಅರುಣಾಚಲದ ಶೆರ್ದುಕ್‌ಪೆನ್ ಭಾಷೆಯಲ್ಲಿ ‘ಕ್ರಾಸಿಂಗ್ ಬ್ರಿಜಸ್’ ಬಂತು, ಲಕ್ಷದ್ವೀಪದ ಜಸರಿಯಲ್ಲಿ ‘ಸಿಂಜಾರ್’. ಇವುಗಳಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿದೆ. ಪ್ರಶಸ್ತಿಯ ಮರುದಿನ ಚಿತ್ರಮಂದಿರ ಸಿಗುವುದಿಲ್ಲ ಎಂಬುದೇ ನಿಜವಾದ ಕೊರತೆ.

ಪ್ರಶ್ನೆ: ಈಶಾನ್ಯ ಭಾರತದ ಸಿನಿಮಾ ನೋಡಬೇಕು. ಎಲ್ಲಿಂದ ಆರಂಭಿಸಲಿ?
– ಗೃಹಿಣಿ, ಕಲಬುರಗಿ

ಮೊದಲು ಈಶಾನ್ಯ ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬುವುದು ಬೇಡ. ಅಸ್ಸಾಮಿನಲ್ಲಿ 1935ರಲ್ಲೇ ಜ್ಯೋತಿಪ್ರಸಾದ್ ಅಗರವಾಲಾ ಚಹಾ ತೋಟದಲ್ಲಿ ಸ್ಟುಡಿಯೋ ಕಟ್ಟಿ ‘ಜಯಮತಿ’ ತೆಗೆದರು. ಮೇಘಾಲಯದಲ್ಲಿ ಖಾಸಿ, ಗಾರೊ ಎರಡೂ ಭಾಷೆಗಳಲ್ಲಿ ಈಗ ಗಟ್ಟಿ ಚಿತ್ರಗಳು ಬರುತ್ತಿವೆ. ಮಣಿಪುರದ ಕಥೆಯೇ ಬೇರೆ. 2000ರಲ್ಲಿ ಭೂಗತ ಸಂಘಟನೆಯೊಂದು ಹಿಂದಿ ಚಿತ್ರಗಳಿಗೆ ನಿಷೇಧ ಹೇರಿತು. ಪರದೆ ಖಾಲಿಯಾದಾಗ ಅಲ್ಲಿನವರು ಕಡಿಮೆ ಖರ್ಚಿನ ಡಿಜಿಟಲ್ ಕ್ಯಾಮೆರಾ ಹಿಡಿದು ತಮ್ಮ ಚಿತ್ರಗಳನ್ನು ತಾವೇ ತೆಗೆದರು.

ನೀವು ರೀಮಾ ದಾಸ್ ಅವರ ‘ವಿಲೇಜ್ ರಾಕ್‌ಸ್ಟಾರ್ಸ್’ (2017) ಇಂದ ಆರಂಭಿಸಿ. ತಮ್ಮದೇ ಊರಿನ ಮಕ್ಕಳನ್ನು ಹಾಕಿಕೊಂಡು ಕಥೆ, ಕ್ಯಾಮೆರಾ, ಸಂಕಲನ, ನಿರ್ದೇಶನ ಎಲ್ಲವನ್ನೂ ಅವರೇ ಮಾಡಿದರು. ಗಿಟಾರ್ ಬೇಕೆನ್ನುವ ಹುಡುಗಿ, ಪ್ರವಾಹದ ನೀರಿನಲ್ಲಿ ಅವಳಿಗೆ ಈಜು ಕಲಿಸುವ ತಾಯಿ. ಆಮೇಲೆ ಅರಿಬಮ್ ಶ್ಯಾಮ್ ಶರ್ಮಾ ಅವರ ಮಣಿಪುರಿ ಚಿತ್ರ ‘ಇಶಾನೌ’ (1990). ಗಂಡ, ಮಗಳೊಂದಿಗೆ ನೆಮ್ಮದಿಯಾಗಿದ್ದ ಹೆಣ್ಣಿಗೆ ದೇವರ ಕರೆ ಬರುತ್ತದೆ. ಅವಳು ಮನೆ ಬಿಟ್ಟು ಮೈಬಿಯರ, ಅಂದರೆ ಮೈತೈ ಸಮುದಾಯದ ಅರ್ಚಕಿಯರ, ಗುಂಪು ಸೇರುತ್ತಾಳೆ. ನೋಡುವಾಗ ನಿಮಗೆ ಸವದತ್ತಿ ಎಲ್ಲಮ್ಮನ ಜೋಗತಿಯರ ನೆನಪು ಬರಬಹುದು. ಹೋಲಿಕೆಗೆ ಅವಸರ ಬೇಡ, ಮೈಬಿಯರ ಸ್ಥಾನವೇ ಬೇರೆ, ಅವರಿಗೆ ಅಲ್ಲಿರುವ ಗೌರವವೇ ಬೇರೆ. ಚಿತ್ರದ ಹೊಸ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಿದ್ಧಪಡಿಸಿತು, 2023ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನಗೊಂಡಿತು.

ಪ್ರಶ್ನೆ: ಇವೆಲ್ಲ ನಮ್ಮಂಥ ಊರಿಗೆ ಬರುವುದೇ ಇಲ್ಲವಲ್ಲ ಸರ್?
– ಕಿರಾಣಿ ವ್ಯಾಪಾರಿ, ಹಿರಿಯೂರು

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಭಾರತೀಯ ಭಾಷೆಗಳಿಗೆಂದೇ ‘ಚಿತ್ರಭಾರತಿ’ ವಿಭಾಗವಿದೆ, ಪಾಸ್ ಮಾಡಿಸಿಕೊಂಡರೆ ದಿನವಿಡೀ ನೋಡಬಹುದು. ಅಷ್ಟು ದೂರ ಆಗದವರು ನಿಮ್ಮ ಊರಿನ ಗ್ರಂಥಾಲಯವನ್ನೋ ಶಾಲೆಯ ಸಭಾಂಗಣವನ್ನೋ ಕೇಳಿ, ಹತ್ತು ಜನ ಸೇರಿ ತಿಂಗಳಿಗೊಂದು ಚಿತ್ರ ನೋಡಿ. ಪ್ರದರ್ಶನಕ್ಕೆ ಚಿತ್ರತಂಡದ ಒಪ್ಪಿಗೆ ಬೇಕು. ಪತ್ರ ಬರೆದು ಕೇಳಿ, ಸಣ್ಣ ಚಿತ್ರಗಳನ್ನು ತೆಗೆದವರು ನೋಡುಗರಿಗಾಗಿ ಕಾಯುತ್ತಿರುತ್ತಾರೆ. ಮೊದಲ ಪ್ರದರ್ಶನದ ದಿನ ಗೊತ್ತಾದರೆ ಈ ಅಂಕಣಕ್ಕೂ ಬರೆಯಿರಿ, ಅಕ್ಕಪಕ್ಕದ ಊರಿನ ಓದುಗರಿಗೆ ತಿಳಿಸೋಣ.