ಕಡಿವಾಣ ಬದಲಿಸುವ ಮುನ್ನ

ಪುಟ್ಟೀ,

ನಿನ್ನೆ ಸವಾರಿ ಮುಗಿಸಿ ಬಂದವಳೇ, 'ತಾತ, ಇವನು ನಿಲ್ಲೋದೇ ಇಲ್ಲ, ಇನ್ನೂ ಗಟ್ಟಿ ಕಡಿವಾಣ ಹಾಕಿಕೊಡು' ಅಂದೆ. ಲಾಯದ ಗೂಟದಲ್ಲಿ ಪೆಲ್ಹಮ್ ಅನ್ನುವ ಗಟ್ಟಿ ಕಡಿವಾಣ ತೂಗುತ್ತಲೇ ಇದೆ, ಹಾಕಿಕೊಡಬಹುದು. ಅದಕ್ಕೆ ಮೊದಲು ಆ ಕಬ್ಬಿಣವನ್ನು ನಿನ್ನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಅಡ್ಡಲಾಗಿ ಇಟ್ಟು ಒತ್ತಿ ನೋಡು. ತೆಳ್ಳನೆಯ ಚರ್ಮ, ಕೆಳಗೇ ಎಲುಬು. ಕುದುರೆಯ ಮುಂಬಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇದೆಯಲ್ಲ, ಕಡಿವಾಣ ಕೂರುವ ಆ ಒಸಡೂ ಹಾಗೇ.

ಇವನು ರೇಸ್‌ಕೋರ್ಸಿನಿಂದ ಬಂದವನು. ಲಗಾಮು ಬಿಗಿದಷ್ಟೂ ಅದಕ್ಕೆ ಒರಗಿಕೊಂಡು ಓಡುವುದು ಅಲ್ಲಿ ಕಲಿತ ಪಾಠ. ನೀನು 'ನಿಲ್ಲು' ಅಂತ ಜಗ್ಗಿದರೆ ಅವನಿಗೆ ಕೇಳಿಸುವುದು 'ಓಡು'. ಬೆನ್ನು ನೆಟ್ಟಗೆ ಮಾಡಿ ಜೀನಿನಲ್ಲಿ ಭಾರ ಬಿಟ್ಟು ಕೂರು. ಉಸಿರು ಬಿಡುತ್ತಾ ಬೆರಳು ಮುಚ್ಚು. ಒಂದು ಹೆಜ್ಜೆ ನಿಧಾನಿಸಿದನೋ, ಆ ಕ್ಷಣವೇ ಬೆರಳು ಸಡಿಲಿಸು. ಅವನು ಕಲಿಯುವುದು ಆ ಸಡಿಲದಿಂದ, ಎಳೆತದಿಂದಲ್ಲ.

ಸದ್ಯಕ್ಕೆ ನಿನಗೆ ಸ್ನಾಫಲ್ ಅನ್ನುವ ಸಾದಾ ಕಡಿವಾಣ ಸಾಕು. ಅದರಲ್ಲಿ ನೀನು ಎಳೆದಷ್ಟೇ ಅವನ ಬಾಯಿಗೆ ತಾಗುತ್ತದೆ. ಪೆಲ್ಹಮ್ ಹಾಗಲ್ಲ, ಉದ್ದನೆಯ ಪಕ್ಕದ ಕಡ್ಡಿ, ಗದ್ದದ ಕೆಳಗೆ ಸರಪಳಿ, ಒಟ್ಟಿನಲ್ಲಿ ಸನ್ನೆಕೋಲು. ಕೈ ಇನ್ನೂ ಅಲುಗಾಡುವವರು ಅದನ್ನು ಹಿಡಿಯಬಾರದು. ಒಂದೇ ಕೀಲಿನದಕ್ಕಿಂತ ಎರಡು ಕೀಲಿನ ಸ್ನಾಫಲ್ ಬಹಳ ಕುದುರೆಗಳ ನಾಲಿಗೆಗೆ ಹಿತ. ದಪ್ಪಗಿದ್ದರೆ ಮೃದು ಅಂತ ಅಂಗಡಿಯವರು ಹೇಳಿದರೆ ನಂಬಿಬಿಡಬೇಡ. ಬಾಯಿ ಚಿಕ್ಕದಿದ್ದು ನಾಲಿಗೆ ದಪ್ಪವಿದ್ದರೆ ದಪ್ಪ ಕಡಿವಾಣಕ್ಕೆ ಒಳಗೆ ಜಾಗವೇ ಇರುವುದಿಲ್ಲ. ಅಗಲವನ್ನು ಅವನ ಬಾಯಿಗೇ ಹಿಡಿದು ಅಳೆ: ತುಟಿಯಿಂದಾಚೆ ಎರಡೂ ಕಡೆ ಸುಮಾರು 5 ಮಿಲಿಮೀಟರ್ ಉಳಿಯಬೇಕು, ತುಟಿಯ ಮೂಲೆಯಲ್ಲಿ ಒಂದೆರಡು ನಿರಿಗೆ ಕಾಣಬೇಕು. ಮೂಗುಪಟ್ಟಿಯ ಕೆಳಗೆ, ಮೂಗಿನ ಎಲುಬಿನ ಮೇಲೆ, ಎರಡು ಬೆರಳು ಆಡಬೇಕು.

ನಿನ್ನ ವಯಸ್ಸಿನಲ್ಲಿ ನಾನೂ ಒಂದು ಕುದುರೆಗೆ ಮೊಂಡು ಅಂತ ಹೆಸರಿಟ್ಟು ಪೆಲ್ಹಮ್ ಏರಿಸಿದ್ದೆ. ಎರಡು ದಿನ ಹೇಳಿದಂತೆ ಕೇಳಿತು. ಮೂರನೆಯ ದಿನ ಕಡಿವಾಣ ಬಿಚ್ಚುವಾಗ ನೊರೆಯಲ್ಲಿ ಕೆಂಪು ಕಂಡಿತು. ಪಶುವೈದ್ಯರು ಬಾಯಿ ತೆರೆಸಿ ತೋರಿಸಿದರು: ದವಡೆಹಲ್ಲಿನ ಮುಂದೆ ಪುಟ್ಟದೊಂದು ಹಲ್ಲು, ಎಳೆದಾಗೆಲ್ಲ ಕಬ್ಬಿಣ ಅದಕ್ಕೇ ಬಡಿಯುತ್ತಿತ್ತು. ಅವರು ಅದನ್ನು ವುಲ್ಫ್ ಟೂತ್ ಅಂದರು. ನಾನು ಮೊಂಡಾಟ ಅಂದುಕೊಂಡದ್ದು ಹಲ್ಲುನೋವು. ಆ ಕೆಂಪು ನೊರೆ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ.

ಅದಕ್ಕೇ ಹೇಳುವುದು, ಕುದುರೆ ತಲೆ ಒದರಿದರೆ, ಬಾಯಿ ಬಿಟ್ಟರೆ, ನಾಲಿಗೆಯನ್ನು ಕಡಿವಾಣದ ಮೇಲೆ ಹಾಕಿಕೊಂಡರೆ ಮೊದಲು ಹಲ್ಲು ನೋಡಿಸು. ಆಮೇಲೆ ಬೆನ್ನು, ಜೀನು. ಆಮೇಲೆ ನಿನ್ನ ಕೈ. ಇಷ್ಟೆಲ್ಲ ಸರಿಯಿದ್ದ ಮೇಲೆ ಕಡಿವಾಣದ ಮಾತು.

ನಾಳೆ ಬೆಳಿಗ್ಗೆ ಬಾ. ಕಡಿವಾಣ ನಾನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂರುತ್ತೇನೆ, ಲಗಾಮು ನೀನು ಹಿಡಿ. ನೀನು ಬೆರಳು ಆಡಿಸು. ಅವನಿಗೆ ಏನು ಕೇಳಿಸುತ್ತಿದೆ ಅಂತ ನಾನು ಹೇಳುತ್ತೇನೆ.