ಅಂತರ್‌ಶಿಸ್ತೀಯ ಓದಿಗೆ ಹೊರಟವರಿಗೆ

ವಿಶ್ವವಿದ್ಯಾಲಯದಲ್ಲಿ ಹಲವು ಮಾನವಿಕ ವಿಷಯಗಳನ್ನು ಒಟ್ಟಿಗೆ ಓದುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ: ಇತಿಹಾಸ, ಸಾಹಿತ್ಯ, ಮಾನವಶಾಸ್ತ್ರ ಎಲ್ಲದರ ರುಚಿ ನೋಡಿ, ಯಾವುದನ್ನೂ ಕೈವಶ ಮಾಡಿಕೊಳ್ಳುವುದಿಲ್ಲ. ಇದಕ್ಕೆ ವಿರುದ್ಧ ಉದಾಹರಣೆ ಇತಿಹಾಸಕಾರ ಡಿ. ಡಿ. ಕೋಸಂಬಿ; ಅವರು ಮೂಲತಃ ಗಣಿತಜ್ಞರು. ಪ್ರಾಚೀನ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ತೂಗಿ, ಚಲಾವಣೆಯಲ್ಲಿ ಸವೆದ ತೂಕವನ್ನು ಸಂಖ್ಯಾಶಾಸ್ತ್ರದಿಂದ ಲೆಕ್ಕಹಾಕಿ, ಅವುಗಳ ಕಾಲಾನುಕ್ರಮ ಹುಡುಕಿದರು. ಗಣಿತ ಗಟ್ಟಿಯಿದ್ದುದರಿಂದಲೇ ಅದು ಇತಿಹಾಸಕ್ಕೆ ಒದಗಿತು. ಭರ್ತೃಹರಿಯ ಶತಕಗಳನ್ನು ಸಂಪಾದಿಸುವಷ್ಟು ಸಂಸ್ಕೃತವೂ ಅವರಿಗಿತ್ತು.

ಹಾಗಾಗಿ ಮೊದಲ ವರ್ಷವೇ ಒಂದು ಶಿಸ್ತನ್ನು ನೆಚ್ಚಿಕೊಂಡು ಅದರ ವಿಧಾನವನ್ನು ಚೆನ್ನಾಗಿ ಕಲಿಯಬೇಕು. ಉದಾಹರಣೆಗೆ, ವಚನಗಳ ಬಗ್ಗೆ ಬರೆಯುವವರು ಸಿದ್ಧಾಂತದ ಪುಸ್ತಕಕ್ಕಿಂತ ಮೊದಲು ವಚನಗಳನ್ನೇ ಓದಬೇಕು. ಗೆಳೆಯರು ತೆಗೆದುಕೊಂಡರೆಂದು ಐಚ್ಛಿಕ ಪತ್ರಿಕೆ ಆರಿಸದೆ, ಪಠ್ಯಕ್ರಮ ನೋಡಿ ಅಧ್ಯಾಪಕರನ್ನು ಕೇಳುವುದು ಒಳ್ಳೆಯದು. ಎಂ.ಎ. ಪ್ರವೇಶಕ್ಕೆ ಪದವಿಯಲ್ಲಿ ಯಾವ ವಿಷಯ ಓದಿರಬೇಕೆಂಬುದನ್ನೂ ಆಗಲೇ ವಿಚಾರಿಸಿಕೊಳ್ಳಬೇಕು.